ಗಗನಯಾತ್ರೆಯೂ ಮೂತ್ರಪಿಂಡವೂ

ಅಂತರಿಕ್ಷಯಾನದ ವಾರ್ತೆ ಬಂದಾಗಲೆಲ್ಲ ವಾಚಕರ ಲಕ್ಷ್ಯವು ಮೊದಲು ಹರಿಯುವುದು ರಾಕೆಟ್ಟಿನ ಎತ್ತರ, ಅದರ ವೇಗ, ಅದಕ್ಕೆ ತಗಲಿದ ವೆಚ್ಚ ಇವುಗಳ ಕಡೆಗೆ. ಇದು ಸಹಜವೇ. ಆದರೆ ಆ ಯಂತ್ರದ ತುದಿಯಲ್ಲಿ ಕುಳಿತು ಹೋಗುವವನು ರಕ್ತಮಾಂಸಗಳ ಮನುಷ್ಯನೆಂಬುದನ್ನೂ, ಅವನ ಬೆನ್ನಿನ ಎರಡು ಪಕ್ಕಗಳಲ್ಲಿ ಮುಷ್ಟಿಗಾತ್ರದ ಎರಡು ಮೂತ್ರಪಿಂಡಗಳು ಹಗಲಿರುಳೂ ದುಡಿಯುತ್ತಿರುತ್ತವೆಂಬುದನ್ನೂ ನೆನೆಯುವವರು ವಿರಳ. ಯಂತ್ರದಲ್ಲಿ ದೋಷವುಂಟಾದರೆ ಗಂಟೆ ಬಾರಿಸುತ್ತದೆ, ಕೆಂಪು ದೀಪ ಹತ್ತುತ್ತದೆ. ಮೂತ್ರಪಿಂಡದ ದೋಷವಾದರೋ ಬಹುಕಾಲ ಸದ್ದಿಲ್ಲದೆ ಬೆಳೆದು, ಅರ್ಧಕ್ಕಿಂತ ಹೆಚ್ಚು ಶಕ್ತಿ ಕುಂದಿದ ಮೇಲೆ ಮೈಗೆ ತಿಳಿಯುತ್ತದೆ. ನಮ್ಮ ದೇಶವು ತನ್ನ ಸ್ವಂತ ನೌಕೆಯಲ್ಲಿ ತನ್ನ ಮಕ್ಕಳನ್ನು ಗಗನಕ್ಕೆ ಕಳುಹಿಸುವ ಕಾರ್ಯಕ್ಕೆ ಕೈಹಾಕಿರುವ ಈ ಕಾಲದಲ್ಲಿ, ಈ ಮೂಕ ಅಂಗದ ಪರವಾಗಿ ನಾಲ್ಕು ಮಾತುಗಳನ್ನಾಡುವುದು ಅಪ್ರಸ್ತುತವಾಗಲಾರದೆಂದು ನಾವು ಭಾವಿಸುತ್ತೇವೆ.

ಮೂತ್ರಪಿಂಡವು ಕೇವಲ ಕಲ್ಮಷವನ್ನು ಹೊರಹಾಕುವ ಮೋರಿಯೆಂದು ಅನೇಕರು ತಿಳಿದಿದ್ದಾರೆ. ನಿಜವಾಗಿ ಅದು ದೇಹದ ಖಜಾನೆಯ ಲೆಕ್ಕಪತ್ರವನ್ನು ನೋಡತಕ್ಕ ಅಧಿಕಾರಿ. ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಘಟಕಗಳಿದ್ದು, ಅವೆಲ್ಲವೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಇದರಲ್ಲಿ ಒಂದೂವರೆ ಎರಡು ಲೀಟರನ್ನು ಮಾತ್ರ ಹೊರಕ್ಕೆ ಕಳುಹಿಸಿ, ಮಿಕ್ಕುದೆಲ್ಲವನ್ನೂ ದೇಹಕ್ಕೆ ಜಮಾ ಮಾಡುತ್ತವೆ. ಉಪ್ಪು ಎಷ್ಟಿರಬೇಕು, ನೀರು ಎಷ್ಟಿರಬೇಕು, ಸುಣ್ಣದ ಸತ್ವವಾದ ಕ್ಯಾಲ್ಸಿಯಂ ಎಷ್ಟು ಉಳಿಯಬೇಕು, ಎಷ್ಟು ಹೋಗಬೇಕು ಎಂಬುದನ್ನು ಈ ಘಟಕಗಳ ನಾಳಗಳೇ ನಿರ್ಣಯಿಸುತ್ತವೆ. ಈ ಲೆಕ್ಕವೆಲ್ಲವೂ ಭೂಮಿಯ ಆಕರ್ಷಣೆಯಲ್ಲಿ ಹುಟ್ಟಿ ಬೆಳೆದ ದೇಹಕ್ಕಾಗಿ ಏರ್ಪಟ್ಟುದು. ಆ ಆಕರ್ಷಣೆಯ ಅನುಭವವೇ ಇಲ್ಲದ ಸ್ಥಿತಿಯಲ್ಲಿ ಈ ಲೆಕ್ಕವು ತಪ್ಪಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಭಾರರಹಿತ ಸ್ಥಿತಿಯಲ್ಲಿ ಆಗುವುದೇನು? ಕಾಲುಗಳ ಕಡೆಗೆ ಇಳಿಯಬೇಕಾದ ರಕ್ತವೂ ದ್ರವವೂ ಎದೆ ಮತ್ತು ತಲೆಯ ಕಡೆಗೆ ಏರುತ್ತವೆ. ದೇಹವು ತನ್ನಲ್ಲಿ ನೀರು ಹೆಚ್ಚಾಯಿತೆಂದು ಭ್ರಮಿಸಿ, ರಕ್ತದ ದ್ರವಭಾಗವನ್ನು ಕುಗ್ಗಿಸುತ್ತದೆ. ಇದು ಮೊದಲನೆಯದು. ಎರಡನೆಯದಾಗಿ, ಮೈಭಾರವನ್ನು ಹೊರುವ ಕೆಲಸ ತಪ್ಪಿದ ಎಲುಬುಗಳು ಸವೆಯತೊಡಗುತ್ತವೆ. ಸೊಂಟದ ಎಲುಬಿನಂತಹ ಭಾಗಗಳಲ್ಲಿ ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಸಾಂದ್ರತೆಯು ನಷ್ಟವಾಗುತ್ತದೆಂದು ಕಂಡುಬಂದಿದೆ. ಹೀಗೆ ಎಲುಬಿನಿಂದ ಕರಗಿದ ಸುಣ್ಣವು ಹೋಗುವ ದಾರಿ ಯಾವುದು? ಮೂತ್ರಪಿಂಡವೇ. ಮೂತ್ರದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಕಲ್ಲುಗಟ್ಟದಂತೆ ತಡೆಯುವ ಸಿಟ್ರೇಟ್ ಇಳಿಯುತ್ತದೆ. ನೀರನ್ನು ಕಡಮೆ ಕುಡಿಯುವುದರಿಂದ ಮೂತ್ರದ ಪ್ರಮಾಣವೂ ಇಳಿಯುತ್ತದೆ. ಈ ಮೂರೂ ಕೂಡಿದಲ್ಲಿ ನಮ್ಮ ವೈದ್ಯರು ಅಶ್ಮರಿಯೆಂದು ಕರೆದ ಕಲ್ಲಿನ ರೋಗಕ್ಕೆ ಬೇಕಾದ ಸಾಮಗ್ರಿಯೆಲ್ಲವೂ ಒದಗಿದಂತಾಯಿತು.

ಇದು ಬರಿಯ ತರ್ಕವೆಂದು ಯಾರೂ ತಿಳಿಯಬಾರದು. 1982ರಲ್ಲಿ ಸೋವಿಯತ್ ದೇಶದ ಸಲ್ಯೂಟ್-7 ನಿಲ್ದಾಣದಲ್ಲಿದ್ದ ಯಾತ್ರಿಕರೊಬ್ಬರಿಗೆ ಮೂತ್ರಪಿಂಡದ ಕಲ್ಲಿನಿಂದ ತಾಳಲಾರದ ನೋವುಂಟಾಗಿ, ಯಾತ್ರೆಯನ್ನೇ ಮೊಟಕುಗೊಳಿಸಿ ಅವರನ್ನು ಇಳಿಸಬೇಕಾದೀತೆಂಬ ಸ್ಥಿತಿ ಬಂದಿತ್ತು. ಕಲ್ಲು ತಾನಾಗಿಯೇ ಹೊರಬಿದ್ದುದರಿಂದ ಗಂಡಾಂತರವು ಕಳೆಯಿತು. ಎರಡೇ ವರ್ಷಗಳ ತರುವಾಯ, 1984ರ ಏಪ್ರಿಲ್‌ನಲ್ಲಿ, ನಮ್ಮ ರಾಕೇಶ ಶರ್ಮರು ಸುಮಾರು 8 ದಿನಗಳನ್ನು ಕಳೆದುದು ಇದೇ ನಿಲ್ದಾಣದಲ್ಲಿ ಎಂಬುದನ್ನು ವಾಚಕರು ಸ್ಮರಿಸಬಹುದು. ಇನ್ನೊಂದು ನಿದರ್ಶನವನ್ನು ಯಂತ್ರವೇ ಒದಗಿಸಿದೆ. ಅಂತಾರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಲ್ಲಿ ಮೂತ್ರವನ್ನು ಭಟ್ಟಿಯಿಳಿಸಿ ಮತ್ತೆ ಕುಡಿಯುವ ನೀರನ್ನಾಗಿ ಮಾಡತಕ್ಕ ಯಂತ್ರವೊಂದುಂಟು. 2009ರಲ್ಲಿ ಅದು ಕೆಟ್ಟುನಿಂತಿತು. ಪರೀಕ್ಷಿಸಿ ನೋಡಲಾಗಿ, ಒಳಗೆ ಕ್ಯಾಲ್ಸಿಯಂ ಸಲ್ಫೇಟ್ ಗಟ್ಟಿಕಟ್ಟಿ ಕುಳಿತಿತ್ತು. ಅಲ್ಲಿರುವವರ ಮೂತ್ರದಲ್ಲಿ ಸುಣ್ಣದ ಅಂಶವು ನೆಲದ ಮೇಲಿನವರಿಗಿಂತ ಹೆಚ್ಚಾಗಿದ್ದುದೇ ಇದಕ್ಕೆ ಮುಖ್ಯ ಕಾರಣ. ಉಕ್ಕಿನ ಯಂತ್ರವನ್ನೇ ಕಟ್ಟಿಹಾಕಿದ ಸುಣ್ಣವು ಮಾಂಸದ ಸೂಕ್ಷ್ಮನಾಳಗಳನ್ನು ಬಿಟ್ಟೀತೆ?

ಇಷ್ಟರವರೆಗೆ ತಜ್ಞರ ಅಭಿಪ್ರಾಯವು ಏನಿತ್ತೆಂದರೆ, ದೋಷವು ಎಲುಬಿನದು. ಮೂತ್ರಪಿಂಡವು ಅದರ ಭಾರವನ್ನು ಹೊರುವ ನಿರಪರಾಧಿ. 2024ರ ಜೂನ್ ತಿಂಗಳಲ್ಲಿ ಪ್ರಕಟವಾದ ಒಂದು ಶೋಧನೆಯು ಈ ನಂಬಿಕೆಯನ್ನು ಅಲುಗಿಸಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಮುಂದಾಳುತನದಲ್ಲಿ 40ಕ್ಕೂ ಮಿಕ್ಕಿದ ಸಂಸ್ಥೆಗಳ ವಿದ್ವಾಂಸರು ಕೂಡಿ, 40ಕ್ಕೂ ಹೆಚ್ಚಿನ ಅಂತರಿಕ್ಷಯಾತ್ರೆಗಳಿಗೆ ಸಂಬಂಧಿಸಿದ ಮನುಷ್ಯರ ಮತ್ತು ಇಲಿಗಳ ಮಾದರಿಗಳನ್ನು ಪರೀಕ್ಷಿಸಿದರು. ಒಂದು ತಿಂಗಳಿಗೂ ಕಡಮೆ ಕಾಲದ ವಾಸದಲ್ಲಿಯೇ ಇಲಿಗಳ ಮೂತ್ರಪಿಂಡದಲ್ಲಿ ಉಪ್ಪನ್ನೂ ಸುಣ್ಣವನ್ನೂ ತೂಗಿ ನೋಡುವ ನಾಳಗಳು ಕುಗ್ಗುವ ಚಿಹ್ನೆಗಳು ಕಂಡುಬಂದವು. ಅಂದರೆ ಮೂತ್ರಪಿಂಡವು ತಾನೇ ಮಾರ್ಪಡುತ್ತದೆ. ಕಲ್ಲುಗಳ ಉತ್ಪತ್ತಿಗೆ ಎಲುಬಿನ ಸವೆತವೊಂದೇ ಕಾರಣವೆನ್ನಲು ಬರುವುದಿಲ್ಲ.

ಇದಕ್ಕಿಂತ ಗಂಭೀರವಾದುದು ವಿಶ್ವಕಿರಣಗಳ ವಿಷಯ. ಭೂಮಿಯಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ನಿಲ್ದಾಣಕ್ಕೆ ಭೂಮಿಯ ಕಾಂತಕ್ಷೇತ್ರವು ಕೊಡೆಯಂತೆ ಬಹುಮಟ್ಟಿನ ಆಸರೆಯನ್ನು ಕೊಡುತ್ತದೆ. ಆ ಕೊಡೆಯನ್ನು ದಾಟಿ ಮಂಗಳ ಗ್ರಹಕ್ಕೆ ಹೊರಟವರಿಗೆ ಆ ಆಸರೆಯಿಲ್ಲ. 1968ರಿಂದ 1972ರವರೆಗಿನ ಅಪೊಲೊ ಯಾತ್ರೆಗಳಲ್ಲಿ 24 ಜನರು ಚಂದ್ರನವರೆಗೆ ಹೋಗಿಬಂದರು ನಿಜ. ಆದರೆ ಅವುಗಳಲ್ಲಿ ಯಾವ ಯಾತ್ರೆಯೂ 13 ದಿನಗಳನ್ನು ಮುಟ್ಟಲಿಲ್ಲ. ಮಂಗಳದ ಯಾತ್ರೆಯಾದರೋ ಎರಡು ಮೂರು ವರ್ಷಗಳ ಮಾತು. ಮೇಲೆ ಹೇಳಿದ ಶೋಧನೆಯಲ್ಲಿ, ಎರಡೂವರೆ ವರ್ಷಗಳ ಮಂಗಳಯಾತ್ರೆಗೆ ಸಮನಾದ ವಿಶ್ವಕಿರಣಗಳಿಗೆ ಪ್ರಯೋಗಶಾಲೆಯಲ್ಲಿ ಒಳಪಟ್ಟ ಇಲಿಗಳ ಮೂತ್ರಪಿಂಡಗಳು ಶಾಶ್ವತವಾಗಿ ಕೆಟ್ಟುಹೋದುವು. ಇಲಿಯು ಮನುಷ್ಯನಲ್ಲವೆಂಬುದೂ, ವರ್ಷಗಳ ಪ್ರಮಾಣವನ್ನು ಅಲ್ಪಕಾಲದಲ್ಲಿ ಕೊಡಲಾಯಿತೆಂಬುದೂ ವಿಚಾರಮಾಡತಕ್ಕ ಮಾತುಗಳೇ. ಆದುದರಿಂದ ಭಯಗ್ರಸ್ತರಾಗಬೇಕಾಗಿಲ್ಲ, ಆದರೆ ಉದಾಸೀನರಾಗಿರುವುದಕ್ಕೂ ಇದು ಆಧಾರವಾಗಲಾರದು.

ನೆಲದ ಮೇಲೆ ಮೂತ್ರಪಿಂಡವು ಸೋತವನಿಗೆ ಡಯಾಲಿಸಿಸ್ ಎಂಬ ಉಪಾಯವುಂಟು. ಒಂದು ಸಲದ ನಾಲ್ಕು ಗಂಟೆಗಳ ಚಿಕಿತ್ಸೆಗೆ ಸುಮಾರು 120 ಲೀಟರ್ ಶುದ್ಧ ದ್ರವ ಬೇಕು. ಅದೂ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ. ಒಂದೊಂದು ಲೋಟ ನೀರನ್ನೂ ಎಣಿಸಿ ಒಯ್ಯುವ ನೌಕೆಯಲ್ಲಿ ಇದನ್ನು ಒದಗಿಸುವವರು ಯಾರು? ದಾರಿಯ ನಡುವೆ ಹಿಂದಿರುಗಲು ಮಾರ್ಗವಿಲ್ಲ. ವೈದ್ಯನಿಗೆ ಕಳುಹಿಸಿದ ಒಂದು ಪ್ರಶ್ನೆಯು ಭೂಮಿಯನ್ನು ಸೇರುವುದಕ್ಕೇ 20 ನಿಮಿಷಗಳವರೆಗೆ ಹಿಡಿಯಬಹುದು. ಬಾಯಾರಿದಾಗ ಬಾವಿ ತೋಡುವ ಪದ್ಧತಿಯು ಅಲ್ಲಿ ನಡೆಯತಕ್ಕದ್ದಲ್ಲ.

ಪರಿಹಾರಗಳು ಇಲ್ಲವೆಂದಲ್ಲ. ಮೊದಲನೆಯದು ನೀರು. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ನಮ್ಮ ಗಾದೆಯು ಅಲ್ಲಿ ಅಕ್ಷರಶಃ ಸತ್ಯ. ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಸುಣ್ಣವೂ ಹೆಚ್ಚುತ್ತದೆ. ಎರಡನೆಯದು ಎಲುಬನ್ನು ಉಳಿಸುವ ನಿತ್ಯದ ವ್ಯಾಯಾಮ. ಮೂರನೆಯದು ಔಷಧ: ಸ್ವತಃ ಯಾತ್ರಿಕರೂ ಜೀವರಸಾಯನ ವಿದುಷಿಯೂ ಆದ ಅಮೆರಿಕದ ಪೆಗಿ ವಿಟ್ಸನ್ ಅವರು ಮುಂದೆ ನಿಂತು ನಡೆಸಿದ ಪ್ರಯೋಗದಲ್ಲಿ, ನಿಂಬೆಯ ಹುಳಿಗೆ ಬಂಧುವಾದ ಪೊಟ್ಯಾಸಿಯಂ ಸಿಟ್ರೇಟ್ ಎಂಬ ಅಗ್ಗದ ಲವಣವು ಕಲ್ಲುಗಟ್ಟುವ ಸಂಭವವನ್ನು ತಗ್ಗಿಸುವುದೆಂದು ತೋರಿತು. ಆದರೆ ವಿಶ್ವಕಿರಣಗಳ ಹಾನಿಯಿಂದ ಮೂತ್ರಪಿಂಡವನ್ನು ಕಾಯುವ ಸಿದ್ಧಔಷಧವು ಇನ್ನೂ ಕೈಗೆ ಬಂದಿಲ್ಲ.

ಇನ್ನು ನಮ್ಮ ಮನೆಯ ಮಾತು. ಗಗನಯಾನ ಯೋಜನೆಯ ಪ್ರಕಾರ ಮೊದಲ ಯಾತ್ರಿಕರು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಇರತಕ್ಕದ್ದು ಮೂರು ದಿನಗಳು ಮಾತ್ರ. ಇಷ್ಟರಿಂದ ಅವರ ಮೂತ್ರಪಿಂಡಗಳಿಗೆ ದೊಡ್ಡ ಅಪಾಯವಿದೆಯೆಂದು ನಾವು ಹೇಳುವುದಿಲ್ಲ. ಆದರೆ 2035ರ ಹೊತ್ತಿಗೆ ಭಾರತದ್ದೇ ಆದ ನಿಲ್ದಾಣವನ್ನು ಕಟ್ಟುವುದೂ, 2040ರ ಹೊತ್ತಿಗೆ ಭಾರತೀಯನೊಬ್ಬನನ್ನು ಚಂದ್ರನ ಮೇಲೆ ಇಳಿಸುವುದೂ ಸರಕಾರವು ಸಾರಿ ಹೇಳಿದ ಗುರಿಗಳಾಗಿವೆ. ದಿನಗಳ ಯಾತ್ರೆಯು ತಿಂಗಳುಗಳ ವಾಸವಾಗುವ ಮೊದಲೇ ನಮ್ಮ ಲೆಕ್ಕಪತ್ರವು ಸಿದ್ಧವಾಗಿರಬೇಕು. ಇದುವರೆಗೆ ದೊರೆತ ಅಂಕಿಗಳು ಬಹುಪಾಲು ಅಮೆರಿಕ ಮತ್ತು ರಷ್ಯಾದ ಪುರುಷರವು. ನಮ್ಮವರ ಆಹಾರ ಬೇರೆ, ಹುಟ್ಟಿ ಬೆಳೆದ ಹವೆ ಬೇರೆ. ಪರರ ಅಂಕಿಗಳನ್ನು ಎರವಲು ತಂದು ನಮ್ಮವರ ಒಡಲಿಗೆ ಅನ್ವಯಿಸುವುದು ಆರಂಭಕ್ಕೆ ಸಾಕಾಗಬಹುದು, ಕಡೆಯವರೆಗೆ ಸಾಲದು.

ಈ ಕಾರ್ಯಕ್ಕೆ ಬೇಕಾದ ಸಾಧನಗಳು ಬಹುಮಟ್ಟಿಗೆ ಕನ್ನಡನಾಡಿನಲ್ಲಿಯೇ ಇವೆ. ಮಾನವ ಅಂತರಿಕ್ಷಯಾನ ಕೇಂದ್ರವು ಬೆಂಗಳೂರಿನಲ್ಲಿದೆ. ಯಾತ್ರಿಕರನ್ನು ಆರಿಸುವ ಪರೀಕ್ಷೆಗಳನ್ನು ನಡೆಸಿದ ವಾಯುದಳದ ವೈದ್ಯಕೀಯ ಸಂಸ್ಥೆಯೂ ಅಲ್ಲಿಯೇ ಇದೆ. 2025ರ ಜೂನ್-ಜುಲೈನಲ್ಲಿ ಶುಭಾಂಶು ಶುಕ್ಲರು ಅಂತಾರಾಷ್ಟ್ರೀಯ ನಿಲ್ದಾಣಕ್ಕೆ ಹೋದಾಗ, ಯಾತ್ರಿಕರ ಆಹಾರದ ಪ್ರಶ್ನೆಗಾಗಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಅಲ್ಲಿಯ ಐ.ಐ.ಟಿ.ಯೂ ಕೂಡಿ ಸಿದ್ಧಪಡಿಸಿದ ಪ್ರಯೋಗದಲ್ಲಿ ಮೆಂತ್ಯ ಮತ್ತು ಹೆಸರುಕಾಳುಗಳನ್ನು ಅಲ್ಲಿ ಮೊಳಕೆಗೊಳಿಸಲಾಯಿತು. ಮೊಳಕೆಯನ್ನು ತಿನ್ನುವವನ ಮೂತ್ರಪಿಂಡದ ವಿಷಯದಲ್ಲಿಯೂ ಇಷ್ಟೇ ಆಸ್ಥೆಯು ತೋರಲಿ ಎಂಬುದೇ ನಮ್ಮ ಬಿನ್ನಹ.

ನಿಶ್ಚಿತವಾಗಿ ಹೇಳಬೇಕೆಂದರೆ ನಮ್ಮ ಸೂಚನೆಗಳು ಮೂರು. ಒಂದು: ಮೊದಲ ಯಾತ್ರಿಕನಿಂದಲೇ ಆರಂಭಿಸಿ, ಪ್ರತಿಯೊಬ್ಬರ ರಕ್ತ ಮೂತ್ರಗಳನ್ನು ಹೋಗುವ ಮುಂಚೆ, ಹೋದಲ್ಲಿ, ಬಂದ ಮೇಲೆ ಪರೀಕ್ಷಿಸಿ, ಆ ದಫ್ತರವನ್ನು ಅವರ ಜೀವಮಾನವಿಡೀ ಮುಂದುವರಿಸಬೇಕು. ಸೇವೆ ಮುಗಿದೊಡನೆ ದಫ್ತರವೂ ಮುಗಿಯುವಂತಾದರೆ ಸಾವಕಾಶವಾಗಿ ಬರುವ ರೋಗವು ಯಾರ ಕಣ್ಣಿಗೂ ಬೀಳದು. ಎರಡು: ಯಂತ್ರಶಿಲ್ಪಿಗಳ ಮೇಜಿನ ಸುತ್ತಲೂ ಮೂತ್ರಪಿಂಡದ ವೈದ್ಯನಿಗೂ ಒಂದು ಆಸನವಿರಬೇಕು. ನೀರಿನ ತೊಟ್ಟಿಯ ಅಳತೆ, ಅಡಿಗೆಯಲ್ಲಿ ಉಪ್ಪಿನ ಪ್ರಮಾಣ, ಶೌಚದ ಅನುಕೂಲತೆ, ಇವುಗಳನ್ನು ನಿಲ್ದಾಣದ ನಕ್ಷೆ ಬರೆಯುವಾಗಲೇ ಗೊತ್ತುಮಾಡಬೇಕೇ ಹೊರತು ಆಮೇಲೆ ತೇಪೆ ಹಾಕಲಾಗದು. ಮೂರು: ಹೊರಡುವವರಿಗೆ ನಿಜಸ್ಥಿತಿಯನ್ನು ತಿಳಿಸಬೇಕು. ಅಪಾಯವನ್ನರಿತು ಒಪ್ಪಿದವನ ಧೈರ್ಯವು ಧೈರ್ಯ. ಅರಿಯದೆ ಹೋದವನನ್ನು ವೀರನೆಂದು ಹೊಗಳುವುದು ಅವನಿಗೆ ಮಾಡಿದ ವಂಚನೆ.

ಇಲ್ಲಿ ಕೆಲವರು ಕೇಳಬಹುದು: ಜಿಲ್ಲೆಯ ಆಸ್ಪತ್ರೆಗಳ ಬಾಗಿಲಲ್ಲಿ ಡಯಾಲಿಸಿಸ್ಸಿಗಾಗಿ ಬಡವರು ಕಾದಿರುವಾಗ ಗಗನದಲ್ಲಿರುವ ಕೆಲವರ ಮೂತ್ರಪಿಂಡದ ಚಿಂತೆ ನಮಗೇಕೆ? ಪ್ರಶ್ನೆಯು ನ್ಯಾಯವಾದುದು. 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಯೋಜನೆಯನ್ನೇ ಘೋಷಿಸಬೇಕಾಗಿ ಬಂದುದು ಈ ದೇಶದಲ್ಲಿ ಆ ರೋಗದ ಭಾರವೆಷ್ಟೆಂಬುದನ್ನು ತೋರಿಸುತ್ತದೆ. ಆದರೆ ಈ ಎರಡು ಚಿಂತೆಗಳಿಗೂ ವಿರೋಧವಿಲ್ಲ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಅಲ್ಲಿಯ ಅಂತರಿಕ್ಷ ಇಲಾಖೆಯ ನೆರವಿನಿಂದ, ಶಬ್ದತರಂಗಗಳ ಮೂಲಕ ಕಲ್ಲನ್ನು ಜರುಗಿಸುವ ಮತ್ತು ಒಡೆಯುವ ಸಾಧನವನ್ನು ನಿರ್ಮಿಸಿದ್ದಾರೆ. ಅರಿವಳಿಕೆಯಿಲ್ಲದೆ ಎಚ್ಚರದಲ್ಲಿದ್ದ ರೋಗಿಗಳ ಮೇಲೆಯೇ ಅದನ್ನು ಪ್ರಯೋಗಿಸಿದ ವರದಿಯು 2022ರಲ್ಲಿ ಪ್ರಕಟವಾಯಿತು. ಯಾತ್ರಿಕನಿಗಾಗಿ ಹುಟ್ಟಿದ ಅಂತಹ ಉಪಕರಣವು ನಾಳೆ ತಾಲ್ಲೂಕಿನ ಆಸ್ಪತ್ರೆಗೆ ಬಂದರೆ ಅದರಿಂದ ಉಪಕೃತನಾಗುವವನು ಯಾರು? ಬಿಸಿಲಿನಲ್ಲಿ ದುಡಿದು, ನೀರು ಸಾಲದೆ, ಕಲ್ಲಿನ ನೋವಿನಿಂದ ಹೊರಳಾಡುವ ರೈತನೂ ಲಾರಿಯ ಚಾಲಕನೂ ಅಲ್ಲವೆ? ಅಂತಹ ಫಲವು ತಾನಾಗಿ ಕೆಳಗಿಳಿದು ಬರುವುದೆಂದು ನಾವು ನಂಬಿಲ್ಲ. ಅದನ್ನು ಇಳಿಸಿ ತರತಕ್ಕ ಜವಾಬುದಾರಿಯನ್ನು ಯೋಜನೆಯಲ್ಲಿಯೇ ಬರೆದಿಡಬೇಕೆಂಬುದೂ ನಮ್ಮ ಆಗ್ರಹ.

ನೌಕೆಯು ಏರಿದ ದಿನ ದೇಶವೆಲ್ಲವೂ ಜಯಘೋಷ ಮಾಡುತ್ತದೆ; ಮಾಡತಕ್ಕದ್ದೇ. ಆದರೆ ಯಾತ್ರೆಯು ಪೂರ್ಣವಾಯಿತೆಂದು ನಾವು ಎಣಿಸುವುದು ನೌಕೆಯು ಸಮುದ್ರದಲ್ಲಿ ಇಳಿದ ದಿನವನ್ನಲ್ಲ. ಹೋದವನು ತಾನು ಹೊರಟಾಗ ಇದ್ದಷ್ಟೇ ಆರೋಗ್ಯದಿಂದ, ಇಪ್ಪತ್ತು ವರ್ಷಗಳ ಮೇಲೂ ತನ್ನ ಮನೆಯಂಗಳದಲ್ಲಿ ಕುಳಿತು ಮೊಮ್ಮಕ್ಕಳಿಗೆ ಆ ಕಥೆಯನ್ನು ಹೇಳುವಂತಾದರೆ ಅಂದು ಅದು ಪೂರ್ಣವಾದಂತೆ. ಆ ದಿನಕ್ಕೆ ಬೇಕಾದ ಸಿದ್ಧತೆಯನ್ನು ಅಧಿಕಾರಿಗಳು ಇಂದೇ ಆರಂಭಿಸಲಿ.