ಓಡದ ಕಾರಿಗೇಕೆ ಮರ್ಯಾದೆ?

ಹೋದ ಚಳಿಗಾಲದಲ್ಲಿ ಹಳೆಯ ಕಾರುಗಳ ಮೇಳವೊಂದಕ್ಕೆ ನನ್ನ ಫಿಯೆಟ್ಟನ್ನು ಕೊಂಡೊಯ್ದಿದ್ದೆ. ಕೊಂಡೊಯ್ದಿದ್ದೆ ಎನ್ನುವುದಕ್ಕಿಂತ, ಅದೇ ನನ್ನನ್ನೂ ನನ್ನ ಹೆಂಡತಿಯನ್ನೂ ಒಂದು ಡಬ್ಬಿ ಚಿತ್ರಾನ್ನವನ್ನೂ ಹೊತ್ತುಕೊಂಡು ಹೋಯಿತೆಂದರೆ ಸರಿಯಾದೀತು. ನಮ್ಮ ಪಕ್ಕದಲ್ಲಿ ನಿಂತಿದ್ದ ಕಾರು ಲಾರಿಯ ಮೇಲೆ, ಮುಸುಕು ಹೊದ್ದ ಮದುವಣಗಿತ್ತಿಯಂತೆ ಬಂದಿಳಿಯಿತು. ನಾಲ್ವರು ಅದನ್ನು ಕೈಯಿಂದಲೇ ತಳ್ಳಿ ಸುಣ್ಣದ ಗೆರೆಯ ಮೇಲೆ ನಿಲ್ಲಿಸಿದರು. ಹನ್ನೊಂದು ಗಂಟೆಗೆ ತೀರ್ಪುಗಾರರು ಬಂದರು. ನನ್ನ ಕಾರಿನ ಬಾನೆಟ್ಟು ಎತ್ತಿಸಿ ನೋಡಿ, “ಡೈನಮೋ ಎಲ್ಲಿ ಸ್ವಾಮಿ? ಆಲ್ಟರ್ನೇಟರ್ ಹಾಕಿಸಿಬಿಟ್ಟಿದ್ದೀರಿ. ಸೀಟಿಗೆ ಬೆಲ್ಟು ಬೇರೆ ಬಿಗಿಸಿದ್ದೀರಿ. ಒಳ್ಳೆಯ ಗಾಡಿ, ಪಾಪ, ಕೆಡಿಸಿಬಿಟ್ಟಿರಿ” ಎಂದು ಮರುಗಿ ಮುಂದೆ ಹೋದರು. ಸಂಜೆ ಬಹುಮಾನ ಬಂದದ್ದು ಪಕ್ಕದ ಮದುವಣಗಿತ್ತಿಗೆ. ಲಾರಿಯ ಮೇಲೆ ಬಂದ ಕಾರಿಗೆ ಬೆಳ್ಳಿಯ ಬಟ್ಟಲು. ರಸ್ತೆಯ ಮೇಲೆ ಬಂದ ಕಾರಿಗೆ ಬುದ್ಧಿವಾದ!

ಬಹುಮಾನ ತಪ್ಪಿದ ಹೊಟ್ಟೆಕಿಚ್ಚಿನಿಂದ ಈತ ಬರೆಯುತ್ತಿದ್ದಾನೆ ಎಂದು ವಾಚಕರು ಭಾವಿಸಿದರೆ ನಾನು ಪೂರ್ತಿ ಅಲ್ಲಗಳೆಯಲಾರೆ. ಆದರೆ ಆ ಕಿಚ್ಚಿಗೆ ಒಂದು ಕಾರಣವೂ ಉಂಟು. ಕಾರು ಓಡುವುದಕ್ಕಾಗಿ ಹುಟ್ಟಿದ ವಸ್ತು. ಓಡಿಸುವುದೇ ಅದನ್ನು ಉಳಿಸುವ ದಾರಿ. ಓಡಾಟಕ್ಕೆ ಅಗತ್ಯವಾದ ತಿದ್ದುಪಡಿ ಅಪಚಾರವಲ್ಲ. ಮೆರುಗು ಹಚ್ಚಿ ಕಟ್ಟಿಹಾಕುವುದೇ ಅಪಚಾರ. ಇದು ನನ್ನ ವಾದ. ಆರು ವರ್ಷ ಕೈ ಮಸಿ ಮಾಡಿಕೊಂಡು ಕಲಿತದ್ದು.

ನನ್ನ ಕಾರು 1966ರಲ್ಲಿ, ಇನ್ನೂ ಮೈಸೂರು ರಾಜ್ಯವೆಂಬ ಹೆಸರೇ ಇದ್ದಾಗ, ಎಂ.ವೈ. ಅಕ್ಷರಗಳಿಂದ ಮೊದಲಾಗುವ ಸಂಖ್ಯೆ ಪಡೆದ ಫಿಯೆಟ್ 1100 ಡಿಲೈಟ್. ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯಲ್ಲಿ ತಯಾರಾದದ್ದು. 1089 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನು. ಸ್ಟಿಯರಿಂಗಿನ ಕೆಳಗೇ ಗೇರಿನ ಕೋಲು. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನಮ್ಮ ತಂದೆ 1974ರಲ್ಲಿ ವೈದ್ಯರೊಬ್ಬರಿಂದ ಅದನ್ನು ಸಾಲ ಮಾಡಿ ಕೊಂಡರು. ಅಜ್ಜಿಗೆ ಮಡಿಕೇರಿ ಘಟ್ಟದಲ್ಲಿ ಹೊಟ್ಟೆ ತೊಳಸುತ್ತದೆಂದು ಡ್ಯಾಷ್‌ಬೋರ್ಡಿಗೆ ಎರಡು ತೂತು ಕೊರೆಸಿ ಪುಟ್ಟ ಫ್ಯಾನೊಂದನ್ನು ತಿರುಪಿನಿಂದ ಬಿಗಿಸಿದರು. 1998ರಲ್ಲಿ ಅವರ ಕಣ್ಣು ಮಂಜಾಯಿತು. ಕಾರು ಹಿತ್ತಲಿನ ಷೆಡ್ಡು ಸೇರಿತು. ಮಾರಲು ಅವರಿಗೆ ಮನಸ್ಸಿಲ್ಲ, ಓಡಿಸಲು ನಮಗೆ ಪುರುಸೊತ್ತಿಲ್ಲ. ಹದಿನೆಂಟು ವರ್ಷ ಅದರ ಮೇಲೆ ಹಳೆಯ ಪತ್ರಿಕೆಗಳ ಕಟ್ಟುಗಳೂ ತೆಂಗಿನ ಗರಿಗಳೂ ಏರುತ್ತ ಹೋದವು.

2016ರ ಆಯುಧಪೂಜೆಯ ದಿನ ಸ್ಕೂಟರಿಗೂ ಹೊಲಿಗೆಯಂತ್ರಕ್ಕೂ ಈಳಿಗೆಮಣೆಗೂ ಕುಂಕುಮ ಇಟ್ಟಾದ ಮೇಲೆ ಇದಕ್ಕೂ ಒಂದು ಹೂ ಏರಿಸೋಣವೆಂದು ಷೆಡ್ಡಿಗೆ ಹೋದೆ. ಬಾಗಿಲು ತೆಗೆದು ಒಳಗೆ ಕಾಲಿಟ್ಟರೆ ಕಾಲು ನೆಲದ ತಗಡನ್ನು ತೂರಿಕೊಂಡು ಮಣ್ಣಿಗೆ ತಾಗಿತು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಓಡಿದ ಮೂವತ್ತೆರಡು ವರ್ಷ ಆ ಕಾರನ್ನು ಸವೆಸಿತ್ತು, ಕೊಂದಿರಲಿಲ್ಲ. ಕೊಂದದ್ದು ನಿಂತ ಹದಿನೆಂಟು ವರ್ಷ.

ತಂದೆಯ ಕಾಲದ ಮೇಸ್ತ್ರಿಯನ್ನು ಹುಡುಕಿಕೊಂಡು ಹೋದೆ. ಎಪ್ಪತ್ತು ದಾಟಿತ್ತು, ಗ್ಯಾರೇಜು ಮುಚ್ಚಿ ಮನೆಯಲ್ಲಿದ್ದರು. ಬಂದವರು ಮಾತಾಡದೆ ಕಾರಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿ, ಅಲ್ಲಲ್ಲಿ ಬೆರಳಿನಿಂದ ತಟ್ಟಿ ಸದ್ದು ಕೇಳಿ, “ಈ ಗಾಡಿಗೆ ಷಾಸಿ ಬೇರೆ, ಬಾಡಿ ಬೇರೆ ಅಂತ ಇಲ್ಲ ಸ್ವಾಮಿ. ಬಾಡಿಯೇ ಇದರ ಬೆನ್ನುಮೂಳೆ. ತಿಳೀದೋನು ನೆಲ ಕತ್ತರಿಸಿದರೆ ನಡು ಬಗ್ಗಿಹೋಗುತ್ತೆ, ಆಮೇಲೆ ಬಾಗಿಲು ಈ ಜನ್ಮದಲ್ಲಿ ಮುಚ್ಚೋದಿಲ್ಲ” ಎಂದರು. ಆದ್ದರಿಂದ ಮೊದಲು ಬಾಗಿಲುಗಳ ಜಾಗಕ್ಕೆ ಅಡ್ಡಡ್ಡ ಕಬ್ಬಿಣದ ಸರಳು ಬೆಸೆದು, ಮೈಯ ಅಳತೆ ಕದಲದಂತೆ ಕಟ್ಟಿ, ಬಳಿಕ ತುಕ್ಕು ಹಿಡಿದ ತಗಡನ್ನು ಗೇಣು ಗೇಣಾಗಿ ಕತ್ತರಿಸಿ ಹೊಸದನ್ನು ಕೂಡಿಸಿದರು. ಬರಿಯ ನೆಲಕ್ಕೇ ಹದಿನಾಲ್ಕು ತಿಂಗಳು ಹಿಡಿಯಿತು. ಪಿಸ್ಟನ್ನುಗಳು ಸಿಲಿಂಡರಿಗೆ ಕಚ್ಚಿಕೊಂಡಿದ್ದವು. ಪ್ಲಗ್ಗಿನ ರಂಧ್ರಗಳಲ್ಲಿ ಡೀಸೆಲ್ ಸುರಿದು ಹದಿನೈದು ದಿನ ಕಾದು ಬಿಡಿಸಿದೆವು. ಲೇತಿನವರಲ್ಲಿ ಬೋರು ಮಾಡಿಸಿ ಒಂದು ಅಳತೆ ದೊಡ್ಡ ಪಿಸ್ಟನ್ನು ಹಾಕಿದೆವು. ರಬ್ಬರು, ಬೇರಿಂಗು, ಬ್ರೇಕಿನ ಸಾಮಾನುಗಳಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಗೆ ನಾನು ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ನಡುವೆ ಕೊರೊನಾ ಬಂದು ಎಲ್ಲವೂ ನಿಂತಿತು. 2022ರಲ್ಲಿ ಕಾರು ಮತ್ತೆ ರಸ್ತೆಗಿಳಿಯಿತು.

ಈಗ ಅಸಲಿತನದ ಪ್ರಶ್ನೆಗೆ ಬರೋಣ. ತೀರ್ಪುಗಾರರ ಪಂಥದವರು ಹೇಳುವುದಿಷ್ಟು: ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆಯೇ ಇರಬೇಕು, ಒಂದು ತಿರುಪು ಬದಲಾದರೂ ಭ್ರಷ್ಟ. ಆದರೆ ಕಾರ್ಖಾನೆಯವರೇ ಈ ವ್ರತ ಪಾಲಿಸಲಿಲ್ಲವಲ್ಲ! 1950ರ ದಶಕದ ಫಿಯೆಟ್ 1100ರ ಮುಂಬಾಗಿಲು ಮುಂದಿನಿಂದ ಹಿಂದಕ್ಕೆ ತೆರೆಯುತ್ತಿತ್ತು. ಡಿಲೈಟಿನಲ್ಲಿ ಅದನ್ನು ತಿರುಗಿಸಿದರು. ಮುಂದೆ ಅದೇ ಕಾರು ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು. 1974ರಲ್ಲಿ ಪ್ರೀಮಿಯರ್ ಪದ್ಮಿನಿಯಾಯಿತು. ಕೊನೆಯ ವರ್ಷಗಳಲ್ಲಿ ಗೇರಿನ ಕೋಲೂ ಸ್ಟಿಯರಿಂಗನ್ನು ಬಿಟ್ಟು ನೆಲಕ್ಕಿಳಿಯಿತು. ಹುಟ್ಟಿಸಿದವರೇ ತಿದ್ದುತ್ತ ಬಂದದ್ದನ್ನು, ಒಂದು ದಿನದ ಫೋಟೋ ಹಿಡಿದುಕೊಂಡು ಇದೇ ಸತ್ಯ ಎನ್ನುವುದು ಯಾವ ನ್ಯಾಯ?

ಇರಲಿ, ವಾದಕ್ಕಾಗಿ ಒಪ್ಪೋಣ. ಆದರೆ ರಸ್ತೆ ಅಂದಿನದಲ್ಲ, ಪೆಟ್ರೋಲೂ ಅಂದಿನದಲ್ಲ. ಇಂದು ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲ್ ಇರುತ್ತದೆ. ಅಂದಿನ ರಬ್ಬರಿನ ಕೊಳವೆ ಅದನ್ನು ತಾಳದು. ಮೆತ್ತಗಾಗಿ ಬಿರಿದು ಕಾದ ಎಂಜಿನಿನ ಮೇಲೆ ತೊಟ್ಟಿಕ್ಕುತ್ತದೆ. ಅಸಲಿ ಕೊಳವೆ ಇಟ್ಟುಕೊಂಡು ಕಾರಿಗೆ ಬೆಂಕಿ ಬೀಳಿಸಿಕೊಳ್ಳಬೇಕೆ? ಎಂಜಿನು ನಿಧಾನವಾಗಿ ತಿರುಗುವಾಗ ಡೈನಮೋ ಸಾಕಷ್ಟು ವಿದ್ಯುತ್ತು ಕೊಡದು. ಮಳೆಗಾಲದ ಸಂಜೆ ದೀಪ, ವೈಪರು ಎರಡನ್ನೂ ಹಾಕಿಕೊಂಡು ಸಿಗ್ನಲ್ಲಿನಲ್ಲಿ ನಿಂತರೆ ಬ್ಯಾಟರಿ ಸೊರಗುತ್ತದೆ; ಹಿಂದಿನಿಂದ ಬಸ್ಸು ಬರುವ ಹೊತ್ತಿಗೆ ನಮ್ಮ ದೀಪ ಎಣ್ಣೆ ತೀರಿದ ಹಣತೆಯಾಗುತ್ತದೆ. ಆದ್ದರಿಂದ ಆಲ್ಟರ್ನೇಟರ್. ಇನ್ನು ಸೀಟಿನ ಬೆಲ್ಟು. ಪಕ್ಕದಲ್ಲಿ ಕೂರುವವಳು ನನ್ನ ಹೆಂಡತಿ. ಅವಳ ತಲೆಗಿಂತ ಅಸಲಿತನ ದೊಡ್ಡದೆಂದು ವಾದಿಸುವ ಧೈರ್ಯ ನನಗಿಲ್ಲ.

ಹಾಗೆಂದು ನಾನು ಎದುರು ಪಂಥದವನೂ ಅಲ್ಲ. ಹಳೆಯ ಕಾರು ಕೈಗೆ ಸಿಕ್ಕಿತೋ ಇಲ್ಲವೋ ಅಗಲವಾದ ಟೈರು ಕೂರಲೆಂದು ಮಡ್‌ಗಾರ್ಡು ಕತ್ತರಿಸಿ, ಡಿಕ್ಕಿಯ ತುಂಬ ಸ್ಪೀಕರು ತುಂಬಿ, ಅನ್ಯ ಎಂಜಿನು ತೂರಿಸಿ, ಇದು ಕಲೆ ಎನ್ನುವ ಮಹನೀಯರಿದ್ದಾರೆ. ಹಳ್ಳಿಯ ಕಲ್ಲಿನ ಗುಡಿಗೆ ಎನಾಮಲ್ ಬಣ್ಣ ಬಳಿದು, ಗೋಡೆಗೆ ಬಚ್ಚಲಿನ ಟೈಲು ಅಂಟಿಸಿ ಜೀರ್ಣೋದ್ಧಾರವೆಂದು ಫಲಕ ನಿಲ್ಲಿಸುವವರ ಬಂಧುಗಳು ಇವರು. ವಾಹನದ ಮೂಲ ವಿವರಗಳು ಬದಲಾಗುವಂತೆ ಮಾರ್ಪಾಡು ಮಾಡಬಾರದೆಂದು 2019ರಲ್ಲಿ ಸುಪ್ರೀಂ ಕೋರ್ಟೇ ಮೋಟಾರು ವಾಹನ ಕಾಯಿದೆಯ 52ನೆಯ ಕಲಮನ್ನು ಎತ್ತಿ ಹೇಳಿದೆ. ಆ ಮಾತಿಗೆ ನನ್ನ ಸಂಪೂರ್ಣ ಸಮ್ಮತಿಯಿದೆ.

ಇಬ್ಬರ ನಡುವೆ ಗೆರೆ ಎಳೆಯುವುದು ಹೇಗೆ? ಮೇಸ್ತ್ರಿಯ ಸೂತ್ರ ಸುಲಭವಾದದ್ದು: ಹಾಕಿದ್ದನ್ನು ಬಿಚ್ಚಿದರೆ ಗಾಡಿ ಮೊದಲಿನಂತಾಗಬೇಕು. ಆಲ್ಟರ್ನೇಟರಿಗೆಂದು ಅವರು ಹೊಸ ತೂತು ಕೊರೆಯಲಿಲ್ಲ. ಹಳೆಯ ಬೋಲ್ಟಿನ ಜಾಗಕ್ಕೇ ಪಟ್ಟಿ ಮಾಡಿಸಿ ಕೂರಿಸಿದರು. ಡೈನಮೋ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿದೆ. ಬೇಕಾದವರು ಮಧ್ಯಾಹ್ನದೊಳಗೆ ಮತ್ತೆ ಕೂರಿಸಬಹುದು. ಕತ್ತರಿಸಿದ ಮಡ್‌ಗಾರ್ಡನ್ನು ಹಾಗೆ ಕೂರಿಸಲು ಬರುವುದಿಲ್ಲ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು ಟ್ಯೂರಿನ್ ಸನ್ನದೆಂಬ ನೀತಿಯನ್ನು ಒಪ್ಪಿಕೊಂಡಿದೆ. ಬದಲಾವಣೆ ಬಿಚ್ಚಬರುವಂತಿರಲಿ, ತೆಗೆದ ಭಾಗವನ್ನು ಜೋಪಾನವಾಗಿಡಿ, ವಾಹನವನ್ನು ಓಡಿಸುವುದೂ ಸಂರಕ್ಷಣೆಯ ಭಾಗ — ಅದರ ಸಾರ ಇಷ್ಟೇ. ನಮ್ಮ ಮೇಸ್ತ್ರಿ ಆ ಸನ್ನದನ್ನು ಓದಿದವರಲ್ಲ.

ಬಣ್ಣ ಹೊಡೆಯುವ ಮುಂಚೆ ತಗಡಿನ ಕೆಲಸದವನು ಡ್ಯಾಷ್‌ಬೋರ್ಡಿನ ಆ ಎರಡು ತೂತುಗಳನ್ನು ಬೆಸೆದು ಮುಚ್ಚುತ್ತೇನೆಂದ. ಬೇಡವೆಂದೆ. ಅವು ಕಾರ್ಖಾನೆಯ ತೂತುಗಳಲ್ಲ, ನಿಜ. ಆದರೆ ಅವನ್ನು ಮುಚ್ಚಿದರೆ ನಮ್ಮ ಅಜ್ಜಿ ಆ ಕಾರಿನಲ್ಲಿ ಕುಳಿತೇ ಇರಲಿಲ್ಲವೆಂದಾಗುತ್ತದೆ.

ಈಗ ಸರ್ಕಾರದ ಮಾತು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿರಬೇಕು, ಮೂಲರೂಪದಲ್ಲಿರಬೇಕು. ಹಾಗಿದ್ದರೆ ವಿಂಟೇಜ್ ಎಂಬ ಬಿರುದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಅಂಥ ವಾಹನಗಳನ್ನು ಗುರುತಿಸಿದ್ದೇ ದೊಡ್ಡ ಉಪಕಾರ, ಅಲ್ಲವೆನ್ನಲಾರೆ. ಆದರೆ ಬಿರುದಿನ ಬಾಲದಲ್ಲಿ ಒಂದು ಷರತ್ತಿದೆ: ಅದನ್ನು ನಿತ್ಯದ ಓಡಾಟಕ್ಕೆ ರಸ್ತೆಗಿಳಿಸುವಂತಿಲ್ಲ. ಅಂದರೆ ನಾನು ಬಿರುದು ಪಡೆದರೆ ಮೇಳಕ್ಕೆ ಹೋಗಬಹುದು, ದಿನಾ ದೇವರಾಜ ಮಾರುಕಟ್ಟೆಗೆ ಹೋಗುವಂತಿಲ್ಲ. ಬಿರುದು ಬೇಡವೆಂದರೆ ಸಾಮಾನ್ಯ ಕಾರಿನಂತೆ ತಪಾಸಣೆ, ನವೀಕರಣ. 20 ವರ್ಷ ದಾಟಿದ ಕಾರಿಗೆ 2025ರಲ್ಲಿ ಆ ಶುಲ್ಕವನ್ನು 10,000 ರೂಪಾಯಿಗೆ ಏರಿಸಿದ್ದಾರೆ. ನಾನು ಎರಡನೆಯದನ್ನೇ ಆರಿಸಿಕೊಂಡೆ. ಸನ್ಮಾನ ಮಾಡಿ ಶಾಲು ಹೊದಿಸಿ, ಇನ್ನು ಮೇಲೆ ಮನೆಯಿಂದ ಹೊರಗೆ ಬರಬೇಡಿ ಎಂದು ಹಿರಿಯರಿಗೆ ಹೇಳುವ ಸನ್ಮಾನ ನನಗೆ ಬೇಡ.

ಹಳೆಯ ಕಾರು ಹೊಗೆ ಉಗುಳುತ್ತದಲ್ಲ ಎಂದು ಕೇಳುವವರಿಗೆ ನಾನು ಸುಳ್ಳು ಹೇಳಲಾರೆ. ಇಂದಿನ ಕಾರಿನಷ್ಟು ಶುದ್ಧವಾದ ಉಸಿರು ಅದರದಲ್ಲ. ಅದರ ಹೊಗೆಯನ್ನು ಪರೀಕ್ಷಿಸಲಿ, ಬ್ರೇಕನ್ನು ಪರೀಕ್ಷಿಸಲಿ, ತಪ್ಪಿದರೆ ನಿಲ್ಲಿಸಲಿ; ನಾನೇ ಕೀಲಿಕೈ ಕೊಡುತ್ತೇನೆ. ಆದರೆ ಪರೀಕ್ಷೆ ಗುಣಕ್ಕಿರಲಿ, ಜಾತಕಕ್ಕೆ ಬೇಡ. ವಾರಕ್ಕೆ ಮೂವತ್ತು ನಲವತ್ತು ಮೈಲಿ ಓಡುವ ಒಂದು ಪುಟ್ಟ ಫಿಯೆಟ್ಟಿನಿಂದ ಮೈಸೂರಿನ ಗಾಳಿ ಕೆಡುತ್ತದೆಂದು ನನಗೆ ತೋರುವುದಿಲ್ಲ.

ನಮ್ಮ ಹಿರಿಯರಿಗೆ ಈ ಗೊಂದಲವಿರಲಿಲ್ಲ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಗೌತಮ ರಥ ಎಳೆಯುವುದನ್ನು ಕಂಡವರಿಗೆ ನಾನು ಹೇಳಬೇಕಾದ್ದಿಲ್ಲ. ಯಾವ ತೇರಿನ ಹಗ್ಗವಾದರೂ ಸವೆಯುತ್ತದೆ, ಗಾಲಿ ಸವೆಯುತ್ತದೆ, ಮರ ಬಿರಿಯುತ್ತದೆ. ಆಚಾರಿ ಬಂದು ಬದಲಿಸುತ್ತಾನೆ. ತೇರು ಅಸಲಿಯಲ್ಲ ಎಂದು ಯಾರೂ ಮನೆಗೆ ಹಿಂದಿರುಗುವುದಿಲ್ಲ. ಎಳೆಯುವುದನ್ನು ನಿಲ್ಲಿಸಿದ ತೇರಿಗೆ ಗೆದ್ದಲು ಹತ್ತುತ್ತದೆ. ಅದರ ಗಾಲಿ ಮಾಡಬಲ್ಲ ಆಚಾರಿಯ ಮಗ ಬೇರೆ ಕಸುಬು ಹಿಡಿಯುತ್ತಾನೆ.

ನನ್ನ ನಿಜವಾದ ಭಯ ಇರುವುದು ಇಲ್ಲೇ. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಮರೆಯಾಯಿತು. ಆ ಟ್ಯಾಕ್ಸಿಗಳು ಓಡುತ್ತಿದ್ದಷ್ಟು ಕಾಲ ನಮ್ಮಂಥವರಿಗೆ ಬಿಡಿಭಾಗಗಳ ಚಿಂತೆಯಿರಲಿಲ್ಲ; ಕೊಳ್ಳುವವರಿದ್ದರೆ ಮಾಡುವವರಿರುತ್ತಾರೆ. ಧರ್ಮಸ್ಥಳದಂಥ ಕಡೆ ಹಳೆಯ ಕಾರುಗಳ ಸಂಗ್ರಹಾಲಯವಿದೆ, ಇರಲೇಬೇಕು. ಅಲ್ಲಿ ಕಾರಿನ ರೂಪ ಉಳಿಯುತ್ತದೆ. ಆದರೆ ಬೆರಳಿನಿಂದ ತಟ್ಟಿ ತುಕ್ಕು ಎಲ್ಲಿದೆ ಎಂದು ಹೇಳುವ ವಿದ್ಯೆಯನ್ನು ಯಾವ ಗಾಜಿನ ಪೆಟ್ಟಿಗೆಯಲ್ಲಿಡುವುದು? ಅದು ಉಳಿಯುವುದು, ಕೆಟ್ಟು ಬರುವ ಕಾರುಗಳಿದ್ದರೆ ಮಾತ್ರ. ಮೇಸ್ತ್ರಿಯ ಮಗ ಮೊಬೈಲು ಅಂಗಡಿ ಇಟ್ಟಿದ್ದಾನೆ. ಆದರೆ ಮೊಮ್ಮಗ, ಪಾಲಿಟೆಕ್ನಿಕ್ಕಿನ ಹುಡುಗ, ಈಗ ಭಾನುವಾರ ಭಾನುವಾರ ನಮ್ಮ ಷೆಡ್ಡಿಗೆ ಬರುತ್ತಾನೆ. ಹೋದ ತಿಂಗಳು ಕಾರ್ಬ್ಯುರೇಟರನ್ನು ತಾನೊಬ್ಬನೇ ಬಿಚ್ಚಿ ತೊಳೆದು ಜೋಡಿಸಿದ. ತಾತ ಸ್ಟೂಲಿನ ಮೇಲೆ ಕುಳಿತು ಎರಡು ಸಲ ಬೈದರು. ಮೂರನೆಯ ಸಲ ಸುಮ್ಮನಾದರು. ಕಾರು ಕೆಟ್ಟದ್ದು ಒಳ್ಳೆಯದೇ ಆಯಿತೆಂದು ಅಂದು ನನಗೆ ಅನಿಸಿತು.

ಆದಕಾರಣ ಮೇಳ ನಡೆಸುವ ಮಹನೀಯರಲ್ಲಿ ನನ್ನದೊಂದು ವಿನಂತಿ. ಮುಂದಿನ ವರ್ಷ ಬಹುಮಾನಕ್ಕೆ ಒಂದೇ ಒಂದು ಹೊಸ ಷರತ್ತು ಹಾಕಿ: ಕಾರು ಓಡಿಕೊಂಡೇ ಬರಬೇಕು, ಓಡಿಕೊಂಡೇ ಮನೆಗೆ ಹೋಗಬೇಕು. ಬೆಳ್ಳಿಯ ಬಟ್ಟಲು ಯಾರಿಗೆ ಬಂದರೂ ನನ್ನ ತಕರಾರಿಲ್ಲ. ಪಕ್ಕದ ಮದುವಣಗಿತ್ತಿ ದಾರಿಯಲ್ಲಿ ಕೆಟ್ಟು ನಿಂತರೆ ನನ್ನ ಡಿಕ್ಕಿಯಲ್ಲಿ ಎಳೆಯುವ ಹಗ್ಗ ಇದ್ದೇ ಇದೆ.