ಮಳೆ ಸುರಿಯುವ ಊರಲ್ಲಿ ಒಣಗದ ಭತ್ತ

ಮೊನ್ನೆ ರವಿವಾರ ಬೆಳಗಾವಿಯಿಂದ ಖಾನಾಪುರದ ಕಡೆ ಕಾಕಾನ ಮನೆಗೆ ಹೋಗಿದ್ದೆ. ಊಟಕ್ಕೆ ಕೂತಾಗ ಕಾಕಾ ಹೊಲ ಮಾರುವ ಮಾತು ತೆಗೆದರು. ತುತ್ತು ಗಂಟಲಲ್ಲೇ ನಿಂತಿತು.

ಕೃಷಿ ಹಿಂದುಳಿದಿದೆ ಅಂದರೆ ನಮಗೆಲ್ಲ ನೆನಪಾಗೋದು ಮಳೆ ಇಲ್ಲದ ಊರು. ಖಾನಾಪುರ ಹಾಗಲ್ಲ. ಮಲಪ್ರಭೆ ಹುಟ್ಟೋದೇ ಇಲ್ಲಿಯ ಕಣಕುಂಬಿಯಲ್ಲಿ. ಆ ನೀರು ನವಿಲುತೀರ್ಥದಲ್ಲಿ ನಿಂತು ನರಗುಂದ, ನವಲಗುಂದದ ಹೊಲಕ್ಕೆ ಹೋಗುತ್ತದೆ. ಕಾಕಾನಿಗೆ ಇರೋದು ಮಳೆಗಾಲದ ಒಂದೇ ಭತ್ತ.

ಆ ಒಂದು ಬೆಳೆಯಾದರೂ ಕೈಗೆ ಹತ್ತಬೇಕಲ್ಲ? ಸುಗ್ಗಿ ಹೊತ್ತಿಗೆ ಮತ್ತೆ ಮಳೆ. 2025-26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2369 ರೂಪಾಯಿ, ನಿಜ. ಆದರೆ ತೇವಾಂಶ ಶೇ. 17 ದಾಟಿದ್ದರೆ ಖರೀದಿ ಕೇಂದ್ರದವರು ತಗೊಳ್ಳಲ್ಲ.

"ಒಣಗಸಾಕ ಜಾಗಾ ಇಲ್ಲ, ಇಡಾಕ ಮನಿ ಇಲ್ಲ. ಕಣಕ್ಕ ಬಂದಾಂವಗ ಕೊಡಲಾರದ ಏನ್ ಮಾಡ್ಲಿ?" ಅಂದರು ಕಾಕಾ.

ಸೊಸೈಟಿಯಲ್ಲಿ 5 ಲಕ್ಷದವರೆಗೆ ಬಡ್ಡಿಯಿಲ್ಲದ ಸಾಲ ಅಂತ 2023ರ ಬಜೆಟ್ಟಿನಲ್ಲಿ ಹೇಳಿದರು. ಕಾಕಾನ ಉತಾರದಲ್ಲಿ ಏಳು ಹೆಸರು. ಇಬ್ಬರು ಗೋವಾದಲ್ಲಿ, ಒಬ್ಬರು ಪುಣೆಯಲ್ಲಿ. ವಾಟ್ನಿ ಆಗಿಲ್ಲ, ಏಳೂ ಸಹಿ ಕೂಡೋದಿಲ್ಲ, ಹಾಗಾಗಿ ಸಾಲವಿಲ್ಲ. 2018ರ ಸಾಲಮನ್ನಾವೂ ಅವರಿಗೆ ಮುಟ್ಟಲಿಲ್ಲ. ಮನ್ನಾ ಮಾಡಲು ಸಾಲ ಇರಬೇಕಲ್ಲ! ಇದ್ದದ್ದೆಲ್ಲ ಕೈಸಾಲ.

2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದಲ್ಲಿ 114 ಹಿಂದುಳಿದ ತಾಲೂಕು ಗುರುತಿಸಿತು. ದೊಡ್ಡ ಕೆಲಸವೇ. ಆದರೆ ತಾಲೂಕಿಗೆ ಬಂದ ದುಡ್ಡು ಕಾಕಾನ ಕಣದವರೆಗೆ ಬರಬೇಕಾದರೆ ಸಣ್ಣ ಕೆಲಸಗಳು ಆಗಬೇಕು.

ನನಗನ್ನಿಸುವುದು ಇಷ್ಟು. ಪಂಚಾಯಿತಿಗೊಂದು ಒಕ್ಕಲು ಕಣ, ಮೇಲೆ ತಗಡು, ಪಕ್ಕದಲ್ಲೊಂದು ಗೋದಾಮು. ಅಲ್ಲಿಟ್ಟ ಭತ್ತದ ರಸೀದಿ ಮೇಲೆ ಅಡಮಾನ ಸಾಲ. ಗೋದಾಮು ರಸೀದಿಗೆ 2007ರಿಂದಲೇ ಕೇಂದ್ರದ ಕಾನೂನು ಇದೆ, ಹೊಸದೇನೂ ಬೇಡ. ಇದರಲ್ಲಿ ಒತ್ತೆ ಇಡೋದು ಭತ್ತ, ಹೊಲವಲ್ಲ. ಆದ್ದರಿಂದ ಏಳು ಸಹಿ ಬೇಕಿಲ್ಲ. ಬೆಲೆ ಬರುವವರೆಗೆ ಕಾಯಬಹುದು. ಜೊತೆಗೆ ವಾಟ್ನಿ, ಪೋಡಿ ಮಾಡಿಕೊಡಲು ಕಂದಾಯದವರು ಊರಿಗೇ ಬಂದು ಕೂರಲಿ, ಗಣೇಶ ಚೌತಿಯಲ್ಲಿ. ಗೋವಾ, ಪುಣೆಯವರು ಊರಿಗೆ ಬರೋದು ಆಗಲೇ.

ಇಷ್ಟರಿಂದ ಎಲ್ಲ ಸರಿಯಾಗುತ್ತೆ ಅಂತಲ್ಲ. ಎರಡನೇ ಬೆಳೆಗೆ ನೀರು ನಿಲ್ಲಿಸುವ ಮಾತು ಬೇರೆಯೇ ಇದೆ.

ಕಾಕಾನ ಮಗ ಉದ್ಯಮಬಾಗದ ಫೌಂಡ್ರಿಗೆ ಹೋಗುತ್ತಾನೆ, ಹೊಲ ಮಾರೋಣ ಅನ್ನೋನು ಅವನೇ. ಬೇಡ ಅನ್ನಲು ಬಾಯಿ ತೆರೆದೆ. ತಿಂಗಳ ಸಂಬಳ ಎಣಿಸುವ ನಾನು ಯಾವ ಮುಖದಲ್ಲಿ ಹೇಳಲಿ?

ನಿಮ್ಮ ಊರ ಕಡೆ ಹೇಗಿದೆ? ಬರೀರಿ.