ಮಾರ್ಪಡಿಸಿದವನು ನಕ್ಷೆಯನ್ನೂ ಬರೆದಿಡಲಿ

ಯಂತ್ರವೊಂದು ಹಳೆಯದಾದ ಮಾತ್ರಕ್ಕೆ ದುರ್ಬೋಧವಾಗುವುದಿಲ್ಲ. ಅದರ ನಿರ್ಮಾತೃಗಳು ಬರೆದಿಟ್ಟ ನಕ್ಷೆಗೂ ಅದರ ಒಡಲಲ್ಲಿ ಈಗ ಹರಿದಾಡುವ ತಂತಿಗಳಿಗೂ ಸಂಬಂಧ ತಪ್ಪಿಹೋದಾಗ ದುರ್ಬೋಧವಾಗುತ್ತದೆ. ಅಮೆರಿಕದ ಹೊಲಗಳಲ್ಲಿ ಇಂದಿಗೂ ಅಲ್ಲಲ್ಲಿ ದುಡಿಯುತ್ತಿರುವ ಫೋರ್ಡ್ 8ಎನ್ ಟ್ರ್ಯಾಕ್ಟರು ಇದಕ್ಕೆ ಉತ್ತಮ ನಿದರ್ಶನ.

1947ರಿಂದ 1952ರವರೆಗೆ ತಯಾರಾದ ಈ ಪೆಟ್ರೋಲ್ ಟ್ರ್ಯಾಕ್ಟರು 6 ವೋಲ್ಟಿನ ಬ್ಯಾಟರಿಯೊಡನೆಯೂ ಡೈನಮೋವಿನೊಡನೆಯೂ ಕಾರ್ಖಾನೆಯಿಂದ ಹೊರಬಿದ್ದಿತು. ಬ್ಯಾಟರಿಯ ಧನಾಗ್ರವನ್ನು ಅರ್ತ್ ಮಾಡಲಾಗಿತ್ತು. ಚಳಿಗಾಲದ ಮುಂಜಾವಿನಲ್ಲಿ ಸ್ಟಾರ್ಟರು ಮೊಂಡುಹಿಡಿಯುವುದನ್ನು ಕಂಡು ಬೇಸತ್ತ ಒಡೆಯರು 12 ವೋಲ್ಟಿನ ಬ್ಯಾಟರಿಯನ್ನೂ ಆಲ್ಟರ್ನೇಟರನ್ನೂ ಕೂಡಿಸಿ, ಋಣಾಗ್ರವನ್ನು ಅರ್ತಿಗೆ ಬಿಗಿದರು. ಸುಧಾರಣೆಯೇನೋ ಯುಕ್ತವಾದುದೇ. ಆದರೆ ವೋಲ್ಟೇಜು ಇಮ್ಮಡಿಯಾದಲ್ಲಿ ಅದೇ ರೋಧದಲ್ಲಿ ಪ್ರವಾಹ ಇಮ್ಮಡಿಯೂ ಶಾಖ ನಾಲ್ಮಡಿಯೂ ಆಗುವುದೆಂಬ ನಿಯಮವನ್ನು ಮರೆತು ಹಳೆಯ ಇಗ್ನಿಷನ್ ಕಾಯಿಲನ್ನು ರೆಸಿಸ್ಟರಿಲ್ಲದೆ ಉಳಿಸಿಕೊಂಡರೆ, ಕಾಯಿಲು ಕಾದು ಕೆಡುತ್ತದೆ, ಪಾಯಿಂಟುಗಳು ಸುಟ್ಟುಹೋಗುತ್ತವೆ. ಅಮ್ಮೀಟರಿನ ತಂತಿಯ ದಿಕ್ಕನ್ನು ತಿರುಗಿಸದಿದ್ದರೆ, ಬ್ಯಾಟರಿ ತುಂಬುತ್ತಿರುವಾಗಲೂ ಮುಳ್ಳು ಖರ್ಚಿನ ಕಡೆಗೇ ವಾಲುತ್ತದೆ. ಕೀಲಿಯನ್ನು ಆರಿಸಿದರೂ ಎಂಜಿನು ನಿಲ್ಲದೆ ಓಡುವ ಚಮತ್ಕಾರವೂ ಉಂಟು: ಆಲ್ಟರ್ನೇಟರನ್ನು ಪ್ರಚೋದಿಸುವ ಸಣ್ಣ ತಂತಿಯಲ್ಲಿ ಡಯೋಡಾಗಲಿ ಸೂಚಕದ ಬಲ್ಬಾಗಲಿ ಇಲ್ಲದಿದ್ದಲ್ಲಿ, ವಿದ್ಯುತ್ತು ಅದರ ಮೂಲಕವೇ ಹಿಮ್ಮೊಗವಾಗಿ ಕಾಯಿಲಿಗೆ ಹರಿಯುತ್ತದೆ. ಇದನ್ನರಿಯದೆ ಹೊಸ ಸ್ವಿಚ್ಚು ಕೊಂಡವನ ಹಣ ವ್ಯರ್ಥ.

ಆದುದರಿಂದ ಬಿಡಿಭಾಗಗಳನ್ನು ಒಂದೊಂದಾಗಿ ಬದಲಿಸುತ್ತ ಹೋಗುವುದು ಕತ್ತಲಲ್ಲಿ ಕಲ್ಲೆಸೆದಂತೆ, ಅಳೆಯುವುದೇ ವಿವೇಕ. ಮಲ್ಟಿಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣಾಗ್ರಕ್ಕೂ ಮತ್ತೊಂದನ್ನು ಎಂಜಿನಿನ ಬರಿಯ ಲೋಹಕ್ಕೂ ಒತ್ತಿಹಿಡಿದು ಸ್ಟಾರ್ಟರನ್ನು ತಿರುಗಿಸಿದಾಗ ಸುಮಾರು ಅರ್ಧ ವೋಲ್ಟಿಗೆ ಮೀರಿ ತೋರಿದರೆ, ಕೊರತೆಯಿರುವುದು ಸ್ಟಾರ್ಟರಿನಲ್ಲಲ್ಲ, ಅರ್ತಿನ ದಾರಿಯಲ್ಲಿ; ಬಹುಮಟ್ಟಿಗೆ ಅರ್ತಿನ ಪಟ್ಟಿಯ ಕೆಳಗಿನ ಬಣ್ಣವನ್ನೂ ತುಕ್ಕನ್ನೂ ಕೆರೆದು ಬೋಲ್ಟು ಬಿಗಿದರೆ ಸಾಕಾಗುತ್ತದೆ.

ನಮ್ಮ ಹಳ್ಳಿಗಳ ಡೀಸೆಲ್ ಟ್ರ್ಯಾಕ್ಟರುಗಳಿಗೆ ಕಾಯಿಲಿನ ಗೊಡವೆಯಿಲ್ಲ. ಆದರೂ ಡೈನಮೋ ಕಿತ್ತು ಆಲ್ಟರ್ನೇಟರು ಕೂಡಿಸಿ, ಟ್ರೇಲರಿನ ದೀಪಕ್ಕೂ ಹಾಡಿನ ಪೆಟ್ಟಿಗೆಗೂ ಒಂದೇ ಬಣ್ಣದ ತಂತಿಯನ್ನು ಸಿಕ್ಕಲ್ಲಿ ಸಿಕ್ಕಿಸಿ, ಫ್ಯೂಸಿನ ಸ್ಥಾನದಲ್ಲಿ ಸಿಗರೇಟಿನ ಬೇಗಡೆಯನ್ನು ಸುತ್ತಿಟ್ಟು ಕಳುಹಿಸುವ ರೂಢಿ ಇಲ್ಲಿಯೂ ಇದೆ. ಕೆಲಸ ಮಾಡಿದ ಮಿಸ್ತ್ರಿ ಊರು ಬಿಟ್ಟರೆ ಆ ವೈರಿಂಗಿನ ಜ್ಞಾನವೂ ಅವನೊಡನೆ ಊರು ಬಿಡುತ್ತದೆ. ಮುಂದೆ ಬಂದವನು ಮೊದಲಿನಿಂದ ತಡಕಾಡಬೇಕು, ಅದರ ಕೂಲಿಯನ್ನು ರೈತನು ತೆರಬೇಕು.

ನಕ್ಷೆ ಬರೆಯುವ ವ್ಯವಧಾನ ದುಡಿಯುವ ಮಿಸ್ತ್ರಿಗೆಲ್ಲಿ ಎಂದು ಆಕ್ಷೇಪಿಸುವವರುಂಟು. ಯಾವ ಬಣ್ಣದ ತಂತಿ ಎಲ್ಲಿಂದ ಎಲ್ಲಿಗೆ, ಫ್ಯೂಸು ಎಷ್ಟು ಆಂಪಿಯರಿನದು, ಅರ್ತಿಗೆ ಸೇರಿದ್ದು ಯಾವ ಅಗ್ರ ಎಂಬಷ್ಟಕ್ಕೆ ಅರ್ಧ ಹಾಳೆ ಸಾಕು. ದಿನವಿಡೀ ತಂತಿ ಎಳೆದವನಿಗೆ ಅದು ಗಳಿಗೆಯ ಕೆಲಸ. ಟ್ರ್ಯಾಕ್ಟರಿನ ಒಡೆಯನು ಆ ಹಾಳೆ ಕೈಸೇರುವ ತನಕ ಕೂಲಿಯ ಕಡೆಯ ಕಂತನ್ನು ತಡೆಹಿಡಿದರೆ ಅದು ಜಿಪುಣತನವಲ್ಲ, ನ್ಯಾಯವೇ ಸರಿ.